ಕಳೆದ ಹಣ ಕೊಡಿಸುತ್ತೇವೆ ಎಂದು ಬರುವವರು



ತೆಂಗಿನ ಮರ ಸಾಕಿದವರಿಗೆಲ್ಲ ಗೊತ್ತಿರುವ ಒಂದು ಸಂಗತಿಯಿಂದ ಈ ಬಾರಿಯ ಪಾಠವನ್ನು ಆರಂಭಿಸುತ್ತೇನೆ. ಸುಳಿ ಕೊರೆಯುವ ದುಂಬಿ ಮರಕ್ಕೆ ಬಿದ್ದರೆ ಗರಿ ಕತ್ತರಿಯಲ್ಲಿ ಕತ್ತರಿಸಿದಂತೆ ಕಾಣುತ್ತದೆ, ಇಳುವರಿ ಕುಗ್ಗುತ್ತದೆ. ಬೆಳೆದ ಮರ ಅಷ್ಟಕ್ಕೇ ಸಾಯುವುದು ಅಪರೂಪ. ಆದರೆ ದುಂಬಿ ಮಾಡಿದ ಗಾಯದ ವಾಸನೆ ಹಿಡಿದು ಕೆಂಪು ಮೂತಿ ಹುಳು ಬರುತ್ತದೆ. ಆ ಗಾಯದೊಳಗೇ ಮೊಟ್ಟೆ ಇಡುತ್ತದೆ. ಮರಿಹುಳುಗಳು ಒಳಗಿಂದೊಳಗೇ ತಿರುಳನ್ನು ತಿನ್ನುತ್ತಾ ಹೋಗಿ, ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಸುಳಿ ವಾಲಿರುತ್ತದೆ.

ಮೊಬೈಲಿನಲ್ಲಿ ಹಣ ಕಳೆದುಕೊಂಡವರ ವಿಷಯದಲ್ಲಿಯೂ ಈಗ ಹೀಗೆಯೇ ಆಗುತ್ತಿದೆ. ಮೊದಲನೆಯ ಮೋಸದ ಬಗ್ಗೆ ಪತ್ರಿಕೆ, ಬ್ಯಾಂಕು, ಪೊಲೀಸು ಎಲ್ಲರೂ ಹೇಳುತ್ತಿದ್ದಾರೆ. ಆ ಗಾಯ ನೋಡಿಕೊಂಡು ಬರುವ ಎರಡನೆಯವನ ವಿಚಾರ ನಮ್ಮ ಸದಸ್ಯರಲ್ಲಿ ಬಹಳ ಮಂದಿಗೆ ತಿಳಿಯದು. ಅವನು ಹಣ ಕೇಳಲು ಬರುವುದಿಲ್ಲ, ಕೊಡಿಸಲು ಬರುತ್ತಾನೆ.

ನಮ್ಮ ಸೋಮನಹಳ್ಳಿಯ ಸುತ್ತ ನಾಲೆ ನೀರಿನ ಅಡಿಕೆ, ತೆಂಗು ಉಂಟೇ ಹೊರತು ಕಾಫಿ ಗಿಡವಿಲ್ಲ. ನಮಗೆ ಕಾಫಿ ಏನಿದ್ದರೂ ಲೋಟದಲ್ಲಿ. ಆದರೂ ಕಾಫಿ ಸೀಮೆಯ ಸದಸ್ಯರು ಇದನ್ನು ಮಂಡ್ಯದ ಕಡೆಯ ಸುದ್ದಿ ಎಂದು ಪುಟ ಮಗುಚಬಾರದು. ಅಲ್ಲಿ ಕಾಫಿ ಹಣ್ಣು ಮಾರಿದ ಹಣ, ಇಲ್ಲಿ ಅಡಿಕೆ ಮಾರಿದ ಹಣ, ಎರಡೂ ವರ್ಷದಲ್ಲಿ ಒಂದೆರಡು ಸಲ ಒಟ್ಟಾಗಿ ಖಾತೆಗೆ ಬೀಳುವಂಥವು. ಸಂಬಳದವರು ಒಂದು ತಿಂಗಳ ಹಣ ಕಳೆದರೆ ಮುಂದಿನ ತಿಂಗಳಿಗೆ ಕಾಯಬಹುದು. ನಮ್ಮದು ಹೋದರೆ ಮುಂದಿನ ಕೊಯ್ಲಿನವರೆಗೆ ಕೈ ಖಾಲಿ.

ಒಬ್ಬ ಸದಸ್ಯರ ಅನುಭವ

ಕಳೆದ ಹಂಗಾಮಿನಲ್ಲಿ ನಮ್ಮ ಸದಸ್ಯರೊಬ್ಬರು ಕಾರ್ಯಾಲಯಕ್ಕೆ ಬಂದು ಕೈಗಡವಾಗಿ ಐವತ್ತು ಸಾವಿರ ಬೇಕೆಂದರು. ಹೆಸರು ಬೇಡ, ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಒಂದೂವರೆ ಎಕರೆ ತೋಟ, ಸಾಲ ತೀರಿಸುವುದರಲ್ಲಿ ಒಂದು ದಿನವೂ ತಪ್ಪದ ಮನುಷ್ಯ. "ಏನಪ್ಪಾ, ಬೆಳೆಸಾಲ ತೀರಿಸಿ ಇನ್ನೂ ತಿಂಗಳಾಗಿಲ್ಲ" ಎಂದೆ. ಉತ್ತರವಿಲ್ಲ. ಟೀ ತರಿಸಿ ಕೂರಿಸಿಕೊಂಡ ಮೇಲೆ ಅರ್ಧ ಗಂಟೆಗೆ ಬಾಯಿ ಬಿಟ್ಟರು.

ಕೊಯ್ಲಿಗೆ ಕೂಲಿಯಾಳು ಸಿಗದೆ ಅಡಿಕೆ ಸುಲಿಯುವ ಸಣ್ಣ ಯಂತ್ರವೊಂದನ್ನು ಕೊಳ್ಳಬೇಕೆಂದು ಹುಡುಕುತ್ತಿದ್ದರಂತೆ. ಮೊಬೈಲಿನಲ್ಲಿ ಜಾಹೀರಾತು ಕಂಡಿತು; ಅರ್ಧ ಬೆಲೆ, ಮನೆ ಬಾಗಿಲಿಗೆ ತಲುಪಿಸುವ ಭರವಸೆ. ಮುಂಗಡ 12,400 ರೂಪಾಯಿ ಕಳಿಸಿದರು. ಯಂತ್ರ ಬರಲಿಲ್ಲ, ಆ ನಂಬರು ಸತ್ತುಹೋಯಿತು. ಮನೆಯಲ್ಲಿ ಹೇಳಲಿಲ್ಲ. "ಬೈತಾಳೆ ಅಂತಲ್ಲ ಕಣಣ್ಣ, ನಂಗೇ ನಾಚ್ಕೆ ಆಯ್ತು" ಎಂದರು.

ಇಪ್ಪತ್ತು ದಿನ ಕಳೆದ ಮೇಲೆ ಒಂದು ಕರೆ. ಅಚ್ಚ ಕನ್ನಡ, ಮರ್ಯಾದೆಯ ಮಾತು. ಬೆಂಗಳೂರಿನ ಗ್ರಾಹಕರ ಹಣ ವಾಪಸಾತಿ ವಿಭಾಗದಿಂದ ಮಾತಾಡುತ್ತಿರುವುದಾಗಿ ಹೇಳಿ, "ನೀವು ಯಂತ್ರಕ್ಕೆ 12,400 ಕಟ್ಟಿ ಮೋಸ ಹೋಗಿದ್ದೀರಿ, ಆ ಗುಂಪನ್ನು ಹಿಡಿದಿದ್ದೇವೆ, ನಿಮ್ಮ ಹಣ ನಮ್ಮಲ್ಲಿದೆ" ಎಂದರಂತೆ. ಹಣ, ತಾರೀಖು, ಯಂತ್ರದ ವಿವರ ಎಲ್ಲ ಸರಿ. ಹೆಂಡತಿಗೂ ಹೇಳದ ಲೆಕ್ಕ ಪರಸ್ಥಳದವನ ಬಾಯಲ್ಲಿ ಬಂದರೆ ಸರ್ಕಾರದವರೇ ಇರಬೇಕು ಎನಿಸುವುದು ಸಹಜ. ಕಡತದ ಶುಲ್ಕವೆಂದು 1,999 ಕೇಳಿದರು, ಕೊಟ್ಟರು. ಮರುದಿನ ವಾಪಸಾಗುವ ಹಣಕ್ಕೆ ಶೇಕಡಾ 18 ತೆರಿಗೆ ಎಂದು 2,232 ಕೇಳಿದರು, ಅದನ್ನೂ ಕೊಟ್ಟರು. ಮೂರನೆಯ ದಿನ, "ನಿಮ್ಮ ಖಾತೆ ನಮ್ಮ ಯಂತ್ರದಲ್ಲಿ ತೆರೆಯುತ್ತಿಲ್ಲ, ಒಂದು ಆ್ಯಪ್ ಹಾಕಿಕೊಳ್ಳಿ, ನಾವೇ ಇಲ್ಲಿಂದ ಸರಿಪಡಿಸುತ್ತೇವೆ" ಎಂದರು. ಅದು ನಮ್ಮ ಮೊಬೈಲಿನ ಪರದೆ ಇನ್ನೊಂದು ಊರಿನಲ್ಲಿ ಕೂತವನಿಗೆ ಕಾಣುವ ಹಾಗೆ ಮಾಡುವ ಆ್ಯಪ್. "ಹಣ ಬಂತೇ ನೋಡಿ" ಎಂದು ಅವರಿಂದಲೇ ಬ್ಯಾಂಕಿನ ಆ್ಯಪ್ ತೆರೆಸಿದರು, ಪಿನ್ ಒತ್ತಿಸಿದರು. ತೆಂಗಿನಕಾಯಿ ಮಾರಿ ಮಗಳ ಕಾಲೇಜಿಗೆಂದು ಇಟ್ಟಿದ್ದ 61,000 ರೂಪಾಯಿ ಎರಡು ಕಂತಿನಲ್ಲಿ ಹೋಯಿತು.

"ಹೋಗಿರೋ ದುಡ್ಡು ಬತ್ತದೆ ಅಂದ್ರಲ್ಲಣ್ಣ, ಅದ್ಕೇ ಕೊಟ್ಟೆ."

ಲೆಕ್ಕ ನೋಡಿ. ಮೊದಲ ಮೋಸದಲ್ಲಿ ಹೋದದ್ದು 12,400. ಅದನ್ನು ವಾಪಸು ತರಲು ಹೋಗಿ ಕಳೆದದ್ದು 65,231. ದುಂಬಿ ತಿಂದದ್ದಕ್ಕಿಂತ ಹುಳು ತಿಂದದ್ದು ಐದು ಪಾಲು.

ನಮ್ಮ ಲೆಕ್ಕ ಅವರಿಗೆ ಹೇಗೆ ಗೊತ್ತಾಗುತ್ತದೆ

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು, ಮತ್ತು ಇದಕ್ಕೆ ಉತ್ತರ ತಿಳಿದರೆ ಅರ್ಧ ಮಾಯೆ ಹರಿಯುತ್ತದೆ. ಹಣ ಕಳೆದುಕೊಂಡವರ ಹೆಸರು, ನಂಬರು, ಮೊತ್ತ ಬರೆದ ಪಟ್ಟಿಗಳನ್ನು ಈ ದಂಧೆಯವರು ತಮ್ಮತಮ್ಮಲ್ಲೇ ಮಾರಿಕೊಳ್ಳುತ್ತಾರೆ. ಒಮ್ಮೆ ನಂಬಿದವನು ಇನ್ನೊಮ್ಮೆ ನಂಬುತ್ತಾನೆ ಎಂಬುದು ಅವರ ವ್ಯಾಪಾರದ ಲೆಕ್ಕ. ಅನೇಕ ವೇಳೆ ಯಂತ್ರ ಕೊಡುತ್ತೇನೆಂದವನೂ ಹಣ ಕೊಡಿಸುತ್ತೇನೆಂದವನೂ ಒಂದೇ ಗುಂಪಿನವರು. ಹಾಗಾಗಿ ಅವನಿಗೆ ತಾರೀಖು, ಮೊತ್ತ ಗೊತ್ತಿರುವುದು ಅವನು ಅಧಿಕಾರಿ ಎನ್ನುವುದಕ್ಕೆ ಸಾಕ್ಷಿಯಲ್ಲ. ಕಳ್ಳನ ಕಡೆಯವನಿರಬಹುದು ಎನ್ನುವುದಕ್ಕೇ ಹತ್ತಿರ.

ಇದು ನಮ್ಮ ದೇಶದ ಹೊಸ ಶೋಧವೂ ಅಲ್ಲ. ಅಮೆರಿಕದಲ್ಲಿ ಮೊಬೈಲು, ವಾಟ್ಸಾಪು ಬರುವುದಕ್ಕೆ ಮೊದಲೇ, ಮನೆಯ ಟೆಲಿಫೋನಿನಲ್ಲಿ ಮೋಸ ಹೋದವರಿಗೆ ಹಣ ವಾಪಸು ಕೊಡಿಸುತ್ತೇವೆಂದು ಮತ್ತೆ ಸುಲಿಯುವವರು ಹೆಚ್ಚಿದ್ದರು. 1995ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಒಂದು ನಿಯಮ ಮಾಡಿತು: ಕಳೆದ ಹಣ ಗಿರಾಕಿಯ ಕೈ ಸೇರಿ ಏಳು ಕೆಲಸದ ದಿನಗಳಾಗುವ ತನಕ, ಟೆಲಿಫೋನಿನಲ್ಲಿ ಇಂಥ ಸೇವೆ ಮಾರುವವನು ಶುಲ್ಕ ಕೇಳಕೂಡದು. ನನಗೆ ಬಹಳ ಹಿಡಿಸಿದ ನಿಯಮ. ಮೊದಲು ಕೊಡಿಸು, ಆಮೇಲೆ ಕೇಳು.

ನಮ್ಮ ವಿವರವನ್ನು ನಾವೇ ಕೊಟ್ಟುಬಿಡುವುದೂ ಉಂಟು. ಬ್ಯಾಂಕಿನ ಅಥವಾ ಕಂಪನಿಯ ಫೇಸ್‌ಬುಕ್ ಪುಟದಲ್ಲಿ "ನನ್ನ ಇಷ್ಟು ಹಣ ಹೋಗಿದೆ, ಯಾರೂ ಉತ್ತರಿಸುತ್ತಿಲ್ಲ" ಎಂದು ನಂಬರು ಸಮೇತ ಬರೆಯುತ್ತೇವೆ. ಅದನ್ನು ಓದಲೆಂದೇ ಕೂತವರಿದ್ದಾರೆ. ಪೊಲೀಸ್ ದೂರಿನ ಪ್ರತಿಯನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ. ಇನ್ನು ಗೂಗಲ್‌ನಲ್ಲಿ ಗ್ರಾಹಕ ಸೇವೆಯ ನಂಬರು ಹುಡುಕುವ ಚಟವೊಂದಿದೆ. ಇದರಲ್ಲಿ ನಾನೇ ಎಡವಿದ್ದೇನೆ. ಒಮ್ಮೆ ಮೊಬೈಲ್ ರೀಚಾರ್ಜಿನ ಹಣ ಕಡಿತವಾಗಿ ರೀಚಾರ್ಜ್ ಆಗಲಿಲ್ಲ. ಹುಡುಕಿದಾಗ ಮೊದಲು ಕಂಡ ನಂಬರಿಗೆ ಫೋನು ಮಾಡಿದೆ. ಆ ಮನುಷ್ಯ ಎಷ್ಟು ವಿನಯದಿಂದ ಮಾತಾಡಿದನೆಂದರೆ, ಅವನು ಹೇಳಿದ ಆ್ಯಪ್ ಇಳಿಸಿಕೊಳ್ಳಲು ಕೂತುಬಿಟ್ಟಿದ್ದೆ. ಮಗಳು ಅಡುಗೆ ಮನೆಯಿಂದ ಬಂದು ಫೋನು ಕಿತ್ತುಕೊಂಡಳು. ಪದವೀಧರ, ಕಾರ್ಯದರ್ಶಿ, ಊರಿಗೆಲ್ಲ ಬುದ್ಧಿ ಹೇಳುವವನು! ಹೋಗಿದ್ದದ್ದು 299 ರೂಪಾಯಿ. ಅದು ಮೂರನೆಯ ದಿನ ತಾನಾಗಿ ಖಾತೆಗೆ ವಾಪಸಾಯಿತು. ಗ್ರಾಹಕ ಸೇವೆಯ ನಂಬರನ್ನು ಎಟಿಎಂ ಕಾರ್ಡಿನ ಹಿಂಬದಿ, ಪಾಸ್‌ಬುಕ್ ಅಥವಾ ಆಯಾ ಕಂಪನಿಯ ಆ್ಯಪ್‌ನೊಳಗೆ ನೋಡಬೇಕು, ಹುಡುಕಾಟದ ಪಟ್ಟಿಯಲ್ಲಲ್ಲ.

ಗುರುತಿಸುವ ಬಗೆ

ಇಂಥ ಕರೆ ಬಂದಾಗ ಒಂದೇ ಒಂದು ಮಾತು ಕೇಳಿ ನೋಡಿ: "ನಿಮ್ಮ ಶುಲ್ಕ, ತೆರಿಗೆ ಏನಿದ್ದರೂ ನನಗೆ ಬರುವ ಹಣದಲ್ಲೇ ಮುರಿದುಕೊಂಡು ಉಳಿದದ್ದನ್ನು ಕಳಿಸಿ." ನಮ್ಮ ಮಂಡಿಯವನು ತೂಕದ ಕೂಲಿಯನ್ನು ಪಟ್ಟಿಯಲ್ಲಿ ಮುರಿದುಕೊಳ್ಳುವುದಿಲ್ಲವೇ, ಹಾಗೆ. ನಿಜವಾಗಿ ಹಣ ಇಟ್ಟುಕೊಂಡವನಿಗೆ ಇದು ಸುಲಭ. ಇಲ್ಲದವನಿಗೆ ಮಾತ್ರ ಇದು ಅಸಾಧ್ಯ. ಅವನು ಕಾನೂನು ಬಿಡುವುದಿಲ್ಲ ಎನ್ನುತ್ತಾನೆ, ರಿಸರ್ವ್ ಬ್ಯಾಂಕು ಒಪ್ಪುವುದಿಲ್ಲ ಎನ್ನುತ್ತಾನೆ, ಸಿಟ್ಟಾಗುತ್ತಾನೆ. ಅಲ್ಲಿಗೆ ತಿಳಿದುಕೊಳ್ಳಬಹುದು.

ರಿಸರ್ವ್ ಬ್ಯಾಂಕಿನ ಹೆಸರು ಈ ನಾಟಕದಲ್ಲಿ ತಪ್ಪದೆ ಬರುತ್ತದೆ. ವಾಟ್ಸಾಪಿನಲ್ಲಿ ಕಳಿಸುವ ಪತ್ರಕ್ಕೆ ಸಿಂಹದ ಲಾಂಛನ, ನಾಲ್ಕು ಮೊಹರು, ಮೂರು ಸಹಿ ಇರುತ್ತವೆ. ಗುರುತಿನ ಚೀಟಿಯ ಚಿತ್ರವನ್ನೂ ಕಳಿಸುತ್ತಾರೆ. ನಮ್ಮ ಸಂಘದ ಮೂವತ್ತು ವರ್ಷದ ಕಡತದಲ್ಲಿ ಅಷ್ಟು ಮೊಹರಿರುವ ಒಂದು ಸರ್ಕಾರಿ ಪತ್ರವೂ ಇಲ್ಲ. ರಿಸರ್ವ್ ಬ್ಯಾಂಕು ಜನಸಾಮಾನ್ಯರ ಹೆಸರಿನಲ್ಲಿ ಖಾತೆ ಇಡುವುದಿಲ್ಲ, ಬಹುಮಾನ ಅಥವಾ ಪರಿಹಾರ ಕೊಡುತ್ತೇವೆಂದು ಫೋನು ಮಾಡಿ ಹಣ ಕಟ್ಟಿಸಿಕೊಳ್ಳುವುದೂ ಇಲ್ಲ.

ಯುಪಿಐ ಪಿನ್ ವಿಷಯವನ್ನು ಎಷ್ಟು ಸಲ ಹೇಳಿದರೂ ಸಾಲದು. ಪಿನ್ ಒತ್ತುವುದು ಹಣ ಹೊರಹೋಗಲು ಅಥವಾ ಬಾಕಿ ನೋಡಲು. ಹಣ ಒಳಬರಲು ಪಿನ್ ಬೇಡ, ಕ್ಯೂಆರ್ ಚೌಕ ಸ್ಕ್ಯಾನ್ ಮಾಡುವುದೂ ಬೇಡ, ಓಟಿಪಿಯೂ ಬೇಡ. ಮೊದಲು ಈ ಕಳ್ಳರು "ಹಣ ವಾಪಸು" ಎಂದು ಬರೆದು ಹಣ ಕೇಳುವ ಕೋರಿಕೆಯನ್ನು ನಮ್ಮ ಮೊಬೈಲಿಗೆ ಕಳಿಸುತ್ತಿದ್ದರು. ನಾವು ಬರುತ್ತದೆಂದು ತಿಳಿದು ಪಿನ್ ಒತ್ತಿದರೆ ಹೋಗುತ್ತಿತ್ತು. ಇದು ಅತಿಯಾದ್ದರಿಂದ ರಾಷ್ಟ್ರೀಯ ಪಾವತಿ ನಿಗಮವು 2025ರ ಅಕ್ಟೋಬರ್ 1ರಿಂದ ವ್ಯಕ್ತಿಗಳ ನಡುವೆ ಅಂಥ ಕೋರಿಕೆಯನ್ನೇ ನಿಲ್ಲಿಸಿತು. ವ್ಯಾಪಾರಿಗಳಿಗೆ ಆಗ ಆ ದಾರಿ ಉಳಿದಿತ್ತು. ಕ್ಯೂಆರ್ ಚೌಕವೂ ಇದೆ. ಆದ್ದರಿಂದ ಕಳ್ಳರಿಗೆ ಒಂದು ಬಾಗಿಲು ಮುಚ್ಚಿದೆ ಎನ್ನಬಹುದೇ ಹೊರತು ಮನೆಗೆ ಬೀಗ ಬಿದ್ದಿದೆ ಎನ್ನಲಾಗದು.

ಇನ್ನೊಂದು ವರಸೆ ಇದೆ, ಇದಕ್ಕೆ ಒಳ್ಳೆಯ ಮನಸ್ಸಿನವರೇ ಬೇಗ ಬೀಳುತ್ತಾರೆ. "ನಿಮಗೆ 5,000 ಕಳಿಸುವ ಬದಲು ಕೈತಪ್ಪಿ 50,000 ಕಳಿಸಿಬಿಟ್ಟೆ, ನನ್ನ ಕೆಲಸ ಹೋಗುತ್ತದೆ, ದಯವಿಟ್ಟು 45,000 ವಾಪಸು ಹಾಕಿ" ಎಂದು ಅಳುವ ದನಿಯಲ್ಲಿ ಕರೆ. ಅದಕ್ಕೆ ಮೊದಲೇ ಹಣ ಜಮೆಯಾಯಿತು ಎನ್ನುವ ಮೆಸೇಜು ಬಂದಿರುತ್ತದೆ. ಆ ಮೆಸೇಜನ್ನು ಬ್ಯಾಂಕು ಕಳಿಸಿರುವುದಿಲ್ಲ, ಅವನೇ ಟೈಪು ಮಾಡಿ ಕಳಿಸಿದ್ದು. ಮೆಸೇಜು ಪಾಸ್‌ಬುಕ್ ಅಲ್ಲ. ಖಾತೆಯ ಬಾಕಿಯನ್ನೇ ನೋಡಬೇಕು. ನಿಜವಾಗಿಯೂ ಹೆಚ್ಚಿಗೆ ಬಂದಿದ್ದರೂ ನಾವಾಗಿ ವಾಪಸು ಕಳಿಸಕೂಡದು. ಬ್ಯಾಂಕಿಗೆ ಹೋಗಿ ಬರೆದುಕೊಟ್ಟರೆ ಬ್ಯಾಂಕಿನವರು ಬಂದ ದಾರಿಯಲ್ಲೇ ಕಳಿಸುತ್ತಾರೆ.

ಇದಕ್ಕಿಂತ ಅಪಾಯದ ಕೋರಿಕೆ ಎಂದರೆ, "ನಿಮ್ಮಂತೆ ಕಳೆದುಕೊಂಡ ಇನ್ನೂ ಹತ್ತು ಜನರ ಹಣ ನಿಮ್ಮ ಖಾತೆಗೆ ಹಾಕುತ್ತೇವೆ, ಅವರಿಗೆ ಹಂಚಿಬಿಡಿ, ನಿಮಗೆ ಕಮಿಷನ್" ಎನ್ನುವುದು. ಬಂದ ಹಣ ಇನ್ನೊಬ್ಬ ರೈತನಿಂದ ಕದ್ದದ್ದು. ಪೊಲೀಸರು ಹಣದ ಜಾಡು ಹಿಡಿದು ಬಂದಾಗ ಸಿಗುವ ಹೆಸರು ನಮ್ಮದು, ಮುಟ್ಟುಗೋಲಾಗುವ ಖಾತೆ ನಮ್ಮದು. ಅಡಿಕೆ ಹಣ, ಬೆಳೆ ಪರಿಹಾರ ಏನು ಬಂದರೂ ಅದರೊಳಗೇ ಸಿಕ್ಕಿಬೀಳುತ್ತದೆ. ಕಾಲೇಜಿಗೆ ಹೋಗುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ. ಖಾತೆ ಬಾಡಿಗೆಗೆ ಕೊಡಿ ಎಂದು ಅವರನ್ನೇ ಮೊದಲು ಕೇಳುತ್ತಾರೆ.

"ಇಂದು ಸಂಜೆ ಐದಕ್ಕೆ ಕಡತ ಮುಚ್ಚುತ್ತದೆ" ಎನ್ನುವ ಅವಸರ, "ಬ್ಯಾಂಕಿನವರಿಗೂ ಹೇಳಬೇಡಿ, ಅವರೂ ಶಾಮೀಲು" ಎನ್ನುವ ಗುಟ್ಟು, ಇವು ಎಲ್ಲದರ ಜೊತೆಗೂ ಇರುತ್ತವೆ.

ನಿಜವಾದ ವಾಪಸಾತಿ ಹೇಗಿರುತ್ತದೆ

ಸುಳ್ಳು ನಡೆಯುವುದು ನಿಜವೊಂದು ಇರುವುದರಿಂದ. ಹಣ ವಾಪಸು ಬರುವ ವ್ಯವಸ್ಥೆ ನಮ್ಮಲ್ಲಿ ಇದೆ; ಅದು ಹೇಗೆಂದು ತಿಳಿಯದವರನ್ನೇ ಕಳ್ಳ ಹುಡುಕುವುದು.

ಸಹಕಾರಿಗಳಿಗೆ ಪರಿಚಿತವಾದ ಉದಾಹರಣೆ ಕೊಡುತ್ತೇನೆ. ಸಹಾರಾ ಗುಂಪಿನ ನಾಲ್ಕು ಬಹುರಾಜ್ಯ ಸಹಕಾರ ಸಂಘಗಳಲ್ಲಿ ಹಣ ಇಟ್ಟವರಿಗೆ ಸುಪ್ರೀಂ ಕೋರ್ಟಿನ 2023ರ ಮಾರ್ಚ್ ಆದೇಶದಂತೆ 5,000 ಕೋಟಿ ರೂಪಾಯಿ ತೆಗೆದಿಡಲಾಯಿತು. ಅದೇ ವರ್ಷದ ಜುಲೈ 18ರಂದು ಕೇಂದ್ರದ ಸಹಕಾರ ಮಂತ್ರಾಲಯ ಅರ್ಜಿ ಹಾಕುವ ಪೋರ್ಟಲ್ ತೆರೆಯಿತು. ಅರ್ಜಿಗೆ ಶುಲ್ಕವಿಲ್ಲ. ಠೇವಣಿದಾರರೇ ಅರ್ಜಿ ಹಾಕಬೇಕು, ಹಣ ಆಧಾರ್ ಜೋಡಿಸಿದ ಖಾತೆಗೆ ನೇರ. ಯಾರೂ ಮನೆಗೆ ಫೋನು ಮಾಡಿ ಪಿನ್ ಕೇಳುವ ಪ್ರಮೇಯವೇ ಅಲ್ಲಿಲ್ಲ.

ಮೊಬೈಲ್ ಮೋಸಕ್ಕೆ 1930 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. 2021ರ ಏಪ್ರಿಲ್‌ನಲ್ಲಿ 155260 ಎಂಬ ಸಂಖ್ಯೆಯಿಂದ ಆರಂಭವಾಗಿ ಮರುವರ್ಷ ಈ ಸಣ್ಣ ಸಂಖ್ಯೆಗೆ ಬದಲಾಯಿತು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ಸರ್ಕಾರಿ ತಾಣದಲ್ಲಿಯೂ ದೂರು ಕೊಡಬಹುದು. ಮಂಡ್ಯದಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕ ಅಪರಾಧಗಳ ಠಾಣೆ, ಅಂದರೆ ಸಿಇಎನ್ ಠಾಣೆ ಇದೆ. ದೂರು ಕೊಟ್ಟ ಕೂಡಲೇ ಒಂದು ಸ್ವೀಕೃತಿ ಸಂಖ್ಯೆ ಸಿಗುತ್ತದೆ. ನಮ್ಮ ಹಣ ಹೋಗಿ ಸೇರಿದ ಖಾತೆಗೆ ಆ ಬ್ಯಾಂಕು ತಡೆ ಹಾಕುತ್ತದೆ, ಅದು ಅಲ್ಲಿಂದ ಮುಂದೆ ಹೋಗಿದ್ದರೆ ಮುಂದಿನ ಖಾತೆಗೆ. ನಾಲೆಯ ತೂಬು ಮುಚ್ಚಿದಂತೆ ಇದು. ಬೇಗ ಮುಚ್ಚಿದರೆ ನೀರು ನಮ್ಮ ಗದ್ದೆಯಲ್ಲೇ, ತಡವಾದರೆ ಕೊನೆಯ ತೂಬನ್ನೂ ದಾಟಿರುತ್ತದೆ. ಗಂಟೆಗಳ ಲೆಕ್ಕ ಇಲ್ಲಿ ಮುಖ್ಯ, ದಿನಗಳದ್ದಲ್ಲ.

ಹೀಗೆ ತಡೆಹಿಡಿದ ಹಣವನ್ನು ನ್ಯಾಯಾಲಯದ ಆದೇಶದ ಮೂಲಕ ಬಿಡಿಸಿಕೊಳ್ಳಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 503ನೆಯ ಕಲಮು ಇದಕ್ಕೆ ಆಧಾರ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 457. ಹಣ ದೂರುದಾರನ ಖಾತೆಗೇ ಬರುತ್ತದೆ. ಪೊಲೀಸರಿಗಾಗಲಿ ಬ್ಯಾಂಕಿಗಾಗಲಿ ಕಡತ ಶುಲ್ಕವೆಂದು ಫೋನಿನಲ್ಲಿ ಕಟ್ಟುವಂಥದೇನೂ ಇಲ್ಲ. ಒಂದು ಮಾತನ್ನು ಮುಚ್ಚಿಡುವುದಿಲ್ಲ: ಅರ್ಜಿಗೆ ವಕೀಲರನ್ನಿಟ್ಟರೆ ಅವರಿಗೆ ಫೀಜು ಕೊಡಬೇಕಾಗುತ್ತದೆ. ಆದರೆ ಆ ವಕೀಲರು ಮದ್ದೂರಿನ ಕೋರ್ಟಿನಲ್ಲಿ ಕಣ್ಣಿಗೆ ಕಾಣುವವರು, ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳುವವರು. ನಾವಾಗಿ ಹುಡುಕಿಕೊಂಡು ಹೋದ ವಕೀಲರು ಬೇರೆ, ತಾವಾಗಿ ನಮ್ಮನ್ನು ಹುಡುಕಿಕೊಂಡು ಬಂದ "ವಕೀಲರು" ಬೇರೆ.

ಎಲ್ಲ ಹಣವೂ ಬರುತ್ತದೆಂದು ನಾನು ಹೇಳಲಾರೆ. ಸರ್ಕಾರ ಪಾರ್ಲಿಮೆಂಟಿಗೆ ಕೊಟ್ಟ ಲೆಕ್ಕದಂತೆ 2024ನೆಯ ಒಂದೇ ವರ್ಷದಲ್ಲಿ ದೇಶದಲ್ಲಿ ಸೈಬರ್ ಮೋಸದಿಂದ ಹೋದದ್ದು 22,845 ಕೋಟಿ ರೂಪಾಯಿ. ಈ ತಡೆಯುವ ವ್ಯವಸ್ಥೆ ಬಂದ 2021ರಿಂದ 2025ರ ಜುಲೈವರೆಗೆ ಎಲ್ಲ ವರ್ಷಗಳೂ ಸೇರಿ ಉಳಿಸಿದ್ದು 5,489 ಕೋಟಿ. ಅಂದರೆ ಬಹುಪಾಲು ಹಣ ಬರುವುದಿಲ್ಲ. ಈ ಕಹಿಯನ್ನು ನುಂಗಿಕೊಂಡವನ ಹತ್ತಿರ ಎರಡನೆಯ ಕಳ್ಳನ ಆಟ ನಡೆಯದು. "ಪೂರ್ತಿ ಹಣ, ಎರಡು ದಿನದಲ್ಲಿ, ಗ್ಯಾರಂಟಿ" ಎಂದು ಯಾವ ಠಾಣೆಯೂ ಯಾವ ನ್ಯಾಯಾಲಯವೂ ಹೇಳುವುದಿಲ್ಲ.

ಎರಡನೆಯ ಸಲವೂ ಹೋಗಿದ್ದರೆ

ಮತ್ತೆ 1930ಕ್ಕೆ ಕರೆ ಮಾಡಿ, ಮೊದಲನೆಯ ದೂರಿದ್ದರೆ ಅದರ ಸಂಖ್ಯೆಯನ್ನೂ ಹೇಳಬೇಕು. ಮೊದಲನೆಯದಕ್ಕೆ ದೂರೇ ಕೊಟ್ಟಿರದಿದ್ದರೆ ಈಗಲಾದರೂ ಎರಡನ್ನೂ ಸೇರಿಸಿ ಕೊಡಬೇಕು. ಅವರು ಹಾಕಿಸಿದ ಆ್ಯಪ್ ಮೊಬೈಲಿನಲ್ಲಿ ಇದ್ದರೆ ಮೊದಲು ಇಂಟರ್‌ನೆಟ್ ನಿಲ್ಲಿಸಿ, ಆಮೇಲೆ ಅದನ್ನು ಕಿತ್ತುಹಾಕಿ. ಬ್ಯಾಂಕಿಗೆ ಬೇರೆ ಫೋನಿನಿಂದ ತಿಳಿಸಿ ಖಾತೆಯ ಹೊರಹರಿವು ನಿಲ್ಲಿಸಿ. ಬ್ಯಾಂಕಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯುವುದನ್ನು ಮರೆಯಬಾರದು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಕಾಲದಿಂದಲೂ ಇರುವ ತತ್ವವೆಂದರೆ, ಪಿನ್ ಕೊಟ್ಟದ್ದು ಗ್ರಾಹಕನ ತಪ್ಪೇ ಆಗಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆದ ನಷ್ಟ ಬ್ಯಾಂಕಿನದು. ತಿಳಿಸಿದ ಸಮಯಕ್ಕೆ ಕಾಗದ ಬೇಕು.

ನಮ್ಮ ಸದಸ್ಯರ ದೂರಿನ ಮೇಲೆ ಒಂದು ಖಾತೆಯಲ್ಲಿ 14,300 ರೂಪಾಯಿ ಸಿಕ್ಕಿ ತಡೆಯಾಗಿದೆ. ಅದಕ್ಕೆ ಅರ್ಜಿ ಹಾಕಿದ್ದಾರೆ. ಈ ನಡುವೆ ಅವರಿಗೆ ಮೂರನೆಯ ಕರೆಯೂ ಬಂತು. ಈ ಸಲ "ದೆಹಲಿಯಿಂದ". ಶುಲ್ಕ ಮುರಿದುಕೊಂಡು ಕಳಿಸಿ ಎಂದರಂತೆ. ಬೈಗುಳ ಕೇಳಿಸಿತಂತೆ. ಆ ನಂಬರನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ತಾಣದಲ್ಲಿ ಚಕ್ಷು ಎಂಬ ವಿಭಾಗಕ್ಕೆ ನಾವೇ ಬರೆದು ಕಳಿಸಿದೆವು. ಸಂಶಯದ ಕರೆಗಳನ್ನು ತಿಳಿಸಲೆಂದೇ 2024ರ ಮಾರ್ಚ್‌ನಲ್ಲಿ ತೆರೆದ ವಿಭಾಗ ಅದು. ಹಣ ಹೋಗದಿದ್ದರೂ ಅಲ್ಲಿ ಬರೆಯಬಹುದು.

ಅವರು ಕೇಳಿದ ಕೈಗಡವನ್ನು ಆಡಳಿತ ಮಂಡಳಿ ಮಂಜೂರು ಮಾಡಿತು, ಮಗಳ ಶುಲ್ಕವನ್ನು ಸಂಘದಿಂದಲೇ ಕಾಲೇಜಿಗೆ ಕಟ್ಟಿದೆವು. ಆದರೆ ಕೊಡುವ ಮೊದಲು ನಾನೊಂದು ಷರತ್ತು ಹಾಕಿದ್ದೆ, ಮನೆಯಲ್ಲಿ ವಿಷಯ ಹೇಳಬೇಕೆಂದು. ಮರುದಿನ ಗಂಡ ಹೆಂಡತಿ ಇಬ್ಬರೂ ಬಂದರು. ಆ ತಾಯಿ ಗಂಡನನ್ನು ಬೈಯಲಿಲ್ಲ, ನನ್ನನ್ನೇ ಕೇಳಿದರು: "ಮೊದಲ್ನೇ ದಿನಾನೇ ನಂಗೊಂದು ಮಾತು ಹೇಳಿದ್ರೆ ಅರವತ್ತು ಸಾವಿರ ಉಳೀತಿರ್ಲಿಲ್ವಾ?" ನನ್ನಲ್ಲಿ ಉತ್ತರವಿರಲಿಲ್ಲ.

ಕಾರ್ಯಾಲಯದಲ್ಲಿ ತೂಕದ ಯಂತ್ರದ ಪಕ್ಕದ ಗೋಡೆಯ ಮೇಲೆ 1930 ಎಂದು ದೊಡ್ಡದಾಗಿ ಬರೆಸಿದ್ದೇವೆ. ಕಚೇರಿ ವೇಳೆಯಲ್ಲಿ ಯಾವ ಸದಸ್ಯರಿಗಾದರೂ ಹಣ ಕೊಡಿಸುತ್ತೇವೆಂಬ ಕರೆ ಬಂದರೆ ಫೋನು ಹಿಡಿದುಕೊಂಡು ಬರಬಹುದು. ಗುಮಾಸ್ತರು ಪಕ್ಕದಲ್ಲಿ ಕೂತು ದೂರು ಬರೆಯಲು ನೆರವಾಗುತ್ತಾರೆ, ಅದಕ್ಕೆ ಶುಲ್ಕವಿಲ್ಲ. ಯಾಕೆ ಕಳೆದಿರಿ, ಅಷ್ಟೂ ಗೊತ್ತಾಗಲಿಲ್ಲವೇ ಎಂದು ಯಾರನ್ನೂ ಕೇಳಕೂಡದೆಂದು ಅವರಿಗೆ ಹೇಳಿದ್ದೇನೆ. ಬರುವಾಗ ಪಾಸ್‌ಬುಕ್, ಆಧಾರ್ ಪ್ರತಿ, ಹಣ ಹೋದ ಮೆಸೇಜು ಅಳಿಸದೆ ಇರುವ ಫೋನು ತನ್ನಿ.